ಎಸೆದ ಎಲೆಗಳ ಲೆಕ್ಕ

2019ರ ಡಿಸೆಂಬರ್, ಒಂದು ಭಾನುವಾರ ರಾತ್ರಿ. 550 ರೂಪಾಯಿ ಕಟ್ಟಿ ಒಂದು ಆನ್‌ಲೈನ್ ಪೋಕರ್ ಟೂರ್ನಮೆಂಟ್ ಆಡಿದೆ. 312 ಜನ ಸೇರಿದ್ದರು. ಮೊದಲ 36 ಜನಕ್ಕೆ ಬಹುಮಾನ. ನಾನು 29ನೆಯವನಾಗಿ ಹೊರಬಿದ್ದೆ. 1,100 ರೂಪಾಯಿ ಬಂತು. ನಾಲ್ಕು ಗಂಟೆಯ ಆಟ, 247 ಹ್ಯಾಂಡ್, ಅಂದರೆ 247 ಸಲ ಎಲೆ ಹಂಚಿದ್ದು. ಇವತ್ತು ನಾನು ಮಾತಾಡೋದು ಆ ಒಂದು ರಾತ್ರಿಯ ಬಗ್ಗೆ. ಆಡಿದ್ದರ ಬಗ್ಗೆ ಕಡಿಮೆ, ಆಮೇಲೆ ಕೂತು ಅದನ್ನು ಪರಿಶೀಲಿಸಿದ್ದರ ಬಗ್ಗೆ ಜಾಸ್ತಿ. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಸಂಭವನೀಯತೆಯನ್ನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೆ. ಅದು ನನ್ನ ಮೈಗೆ ಹತ್ತಿದ್ದು ಆ ಪರಿಶೀಲನೆಯಲ್ಲಿ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಮದುವೆ ಮನೆಯಲ್ಲಿ ರಮ್ಮಿ ಆಡಿದವರು ಇಲ್ಲಿ ಬಹಳ ಜನ ಇದ್ದೀರಿ, ಅದೇ ಐವತ್ತೆರಡು ಇಸ್ಪೀಟ್ ಎಲೆ. ಒಬ್ಬೊಬ್ಬರಿಗೆ ಎರಡೇ ಎಲೆ ಕೊಡುತ್ತಾರೆ, ಅದನ್ನು ಬೇರೆಯವರು ನೋಡುವ ಹಾಗಿಲ್ಲ. ಮಧ್ಯದಲ್ಲಿ ಐದು ಎಲೆ ಬಿಚ್ಚುತ್ತಾರೆ, ಅವು ಎಲ್ಲರಿಗೂ ಸೇರಿದ್ದು. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಪ್ರತಿ ಹಂತದಲ್ಲೂ ಚಿಪ್ಸ್, ಅಂದರೆ ಆಟದ ಬಿಲ್ಲೆ, ಕಟ್ಟಬಹುದು, ಇಲ್ಲವೇ ಎಲೆ ಎಸೆದು ಹಿಂದೆ ಸರಿಯಬಹುದು. ಹಿಂದೆ ಸರಿಯುವುದಕ್ಕೆ ಫೋಲ್ಡ್ ಅಂತಾರೆ. ಇರೋದೆಲ್ಲ ಒಟ್ಟಿಗೆ ಇಡುವುದಕ್ಕೆ ಆಲ್ ಇನ್. ಎದುರಿನವನು ಇಟ್ಟದ್ದಕ್ಕೆ ಸರಿಯಾಗಿ ನಾವೂ ಇಡುವುದಕ್ಕೆ ಕಾಲ್. ಎಲ್ಲರೂ ಸುಮ್ನೆ ಕೂತರೆ ಆಟವೇ ನಡೆಯುವುದಿಲ್ಲ. ಅದಕ್ಕೇ ಪ್ರತಿ ಹ್ಯಾಂಡ್‌ನಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಚಿಪ್ಸ್ ಇಡಬೇಕು. ಅವು ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್. ಸ್ವಲ್ಪ ಹೊತ್ತಾದ ಮೇಲೆ ಪ್ರತಿಯೊಬ್ಬರೂ ಆಂಟಿ ಅಂತ ಒಂದಿಷ್ಟು ಇಡಬೇಕು. ಆಟ ಮುಂದುವರಿದ ಹಾಗೆ ಈ ಮೊತ್ತ ಏರುತ್ತಾ ಹೋಗುತ್ತದೆ. ಈ ಏರಿಕೆಯನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ನನ್ನನ್ನು ತಿಂದದ್ದು ಅದೇ.

ಆ ರಾತ್ರಿ ಮಲಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹ್ಯಾಂಡ್. ಆಟ ಶುರುವಾಗಿ ಮುಕ್ಕಾಲು ಗಂಟೆ ಆಗಿತ್ತು. ನನಗೆ ಎರಡು ಎಕ್ಕ ಬಂತು. ಪೋಕರ್‌ನಲ್ಲಿ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ, 221 ಸಲಕ್ಕೆ ಒಂದು ಸಲ ಬರುತ್ತದೆ. ಎದುರಿನವನು 6,200 ಚಿಪ್ಸ್ ಪೂರ್ತಿ ಇಟ್ಟ. ನಾನೂ ಇಟ್ಟೆ. ಅವನು ಎಲೆ ಬಿಚ್ಚಿದರೆ ಎರಡು ರಾಜ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ, ಗೆದ್ದ ಹಾಗೇ. ಐದನೇ ಎಲೆ ರಾಜ, ಅವನದು ಮೂರು ರಾಜ ಆಯಿತು. ನನ್ನ 6,200 ಹೋಯಿತು.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಯಾರು ಸಿಕ್ಕರೂ ಅದೇ ಕಥೆ ಹೇಳಿದೆ. ಎಕ್ಕದ ಜೋಡಿ ಒಡೆದು ಹೋಯಿತು, ಅದಕ್ಕೇ ಸೋತೆ ಅಂತ. ಎಲ್ಲರೂ ಅಯ್ಯೋ ಅಂದರು. ನಿಜವಾಗಿ ನೋಡಿದರೆ ಆ ಹ್ಯಾಂಡ್‌ನಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. ಎರಡು ಎಕ್ಕ ಎರಡು ರಾಜನ ಎದುರು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತದೆ, 18 ಸಲ ಸೋಲುತ್ತದೆ. ನಾನು ಕಂಡದ್ದು ಆ 18ರಲ್ಲಿ ಒಂದು. ನಾಳೆ ಅದೇ ಎಲೆ ಬಂದರೆ ಅದನ್ನೇ ಮಾಡಬೇಕು, ನಾಡಿದ್ದು ಬಂದರೂ ಅಷ್ಟೇ. ಆದರೆ ಮನಸ್ಸು ಸುತ್ತಿ ಸುತ್ತಿ ನೋವಾದ ಜಾಗಕ್ಕೇ ಹೋಗುತ್ತದೆ, ಹಲ್ಲು ನೋವಿದ್ದಾಗ ನಾಲಿಗೆ ಹೋಗುತ್ತದಲ್ಲ, ಹಾಗೆ.

ಸರಿಯಾಗಿ ಪರಿಶೀಲಿಸೋಣ ಅಂತ ಕೂತದ್ದು ನಾಲ್ಕು ದಿನ ಬಿಟ್ಟು. ಆನ್‌ಲೈನ್ ಆಟದ ಒಂದು ಅನುಕೂಲ ಏನೆಂದರೆ ಎಲ್ಲವೂ ದಾಖಲಾಗಿರುತ್ತದೆ. ಹ್ಯಾಂಡ್ ಹಿಸ್ಟರಿ ಅನ್ನುವ ಫೈಲ್ ಸಿಗುತ್ತದೆ. ಯಾರು ಎಲ್ಲಿ ಕೂತಿದ್ದರು, ಯಾರ ಹತ್ತಿರ ಎಷ್ಟು ಚಿಪ್ಸ್ ಇತ್ತು, ಯಾರು ಎಷ್ಟು ಕಟ್ಟಿದರು, ಸಾಲು ಸಾಲಾಗಿ ಇರುತ್ತದೆ. ಮನೆಯ ಇಸ್ಪೀಟ್ ಆಟದಲ್ಲಿ ಇದು ಆಗದ ಮಾತು. ಅಲ್ಲಿ ಪ್ರತಿಯೊಬ್ಬನ ನೆನಪೂ ಅವನಿಗೆ ಬೇಕಾದ ಹಾಗೇ ಇರುತ್ತದೆ.

ನಾನು ಆ ಫೈಲನ್ನು ಪ್ರಿಂಟ್ ತೆಗೆಸಿದೆ. ಓದಲು ಶುರು ಮಾಡಿದ ಮೊದಲ ಪುಟದಲ್ಲೇ ತೊಂದರೆ ಕಾಣಿಸಿತು. ಹ್ಯಾಂಡ್‌ನ ಕೊನೆಯ ಸಾಲಿನಲ್ಲಿ ಯಾರು ಗೆದ್ದರು ಅಂತ ಇರುತ್ತದೆ. ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಗೆದ್ದಿದ್ದರೆ ಎಲ್ಲ ಸರಿ ಅನ್ನಿಸುತ್ತದೆ, ಸೋತಿದ್ದರೆ ಎಲ್ಲ ತಪ್ಪು ಅನ್ನಿಸುತ್ತದೆ. ಮೇಜಿನ ಮೇಲೆ ಒಂದು ಮದುವೆ ಕರೆಯೋಲೆ ಬಿದ್ದಿತ್ತು, ದಪ್ಪ ರಟ್ಟಿನದು. ಅದನ್ನು ಹಾಳೆಯ ಮೇಲೆ ಇಟ್ಟು ಒಂದೊಂದೇ ಸಾಲು ಕೆಳಗೆ ಜಾರಿಸಿದೆ. ನನ್ನ ಸರದಿ ಬಂದ ಕೂಡಲೇ ನಿಲ್ಲಿಸುವುದು. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್. ಅದರಲ್ಲಿ ಮೂರು ವಿಷಯ ಬರೆಯುವುದು. ಈ ಹೊತ್ತಿಗೆ ನನಗೆ ಏನೇನು ಗೊತ್ತಿತ್ತು? ಎದುರಿನವನ ಕೈಯಲ್ಲಿ ಯಾವ ಯಾವ ಎಲೆ ಇರಬಹುದಿತ್ತು? ಕಟ್ಟಬೇಕಾದ್ದು ಎಷ್ಟು, ಬರಬಹುದಾದ್ದು ಎಷ್ಟು? ಇಷ್ಟು ಬರೆದ ಮೇಲೇ ಕರೆಯೋಲೆ ಕೆಳಗೆ ಸರಿಯಬೇಕು. ಆ ಕರೆಯೋಲೆ ಇವತ್ತಿಗೂ ನನ್ನ ನೋಟ್‌ಬುಕ್ಕಿನಲ್ಲೇ ಇದೆ.

ಎರಡನೇ ಪ್ರಶ್ನೆಯಲ್ಲಿ ಬಹಳ ಜನ ಎಡವುತ್ತಾರೆ. 'ಅವನ ಹತ್ತಿರ ಎಕ್ಕ-ರಾಣಿ ಇತ್ತು' ಅಂತ ಬರೆಯುತ್ತಾರೆ, ಯಾಕಂದರೆ ಆಮೇಲೆ ನೋಡಿದ್ದಾರೆ. ಆ ಹೊತ್ತಿನಲ್ಲಿ ಅದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಅಂದಾಜು ಮಾತ್ರ. ಈ ಜಾಗದಲ್ಲಿ ಕೂತ, ಇಷ್ಟು ಹೊತ್ತು ಸುಮ್ಮನಿದ್ದ ಮನುಷ್ಯ ಯಾವ ಯಾವ ಜೋಡಿ ಇದ್ದರೆ ಹೀಗೆ ಮಾಡುತ್ತಾನೆ ಅನ್ನುವ ಪಟ್ಟಿ. ಆ ಪಟ್ಟಿಗೆ ರೇಂಜ್ ಅಂತಾರೆ. ಲೆಕ್ಕ ಹಾಕಬೇಕಾದ್ದು ಆ ಪಟ್ಟಿಯ ಎದುರು.

ಹಾಗೆ ನೋಡಿದಾಗ ನನ್ನ ಖುಷಿಯ ಹ್ಯಾಂಡ್ ಒಂದು ಕಳಚಿ ಬಿತ್ತು. ಬ್ಲೈಂಡ್ 400 ಮತ್ತು 800, ಆಂಟಿ 100, ಮೇಜಿನಲ್ಲಿ ಒಂಬತ್ತು ಜನ. ನಾನು ಬಿಗ್ ಬ್ಲೈಂಡ್. ಮೊದಲು ಆಡಬೇಕಾದ ಜಾಗದಲ್ಲಿದ್ದವನು 12,000 ಚಿಪ್ಸ್ ಆಲ್ ಇನ್ ಮಾಡಿದ. ನಲವತ್ತು ನಿಮಿಷದಿಂದ ಅವನು ಒಂದು ಹ್ಯಾಂಡ್ ಕೂಡ ಆಡಿರಲಿಲ್ಲ. ಮಿಕ್ಕವರೆಲ್ಲ ಎಸೆದರು. ನನ್ನ ಹತ್ತಿರ ಎಕ್ಕ-ಒಂಬತ್ತು, ಬೇರೆ ಬೇರೆ ಬಣ್ಣದ್ದು. ಎಕ್ಕ ಇದೆಯಲ್ಲ ಅಂತ ಕಾಲ್ ಒತ್ತಿದೆ. ಅವನದು ಎಕ್ಕ-ರಾಣಿ. ನಾಲ್ಕನೇ ಎಲೆ ಒಂಬತ್ತು ಬಿತ್ತು, ಅವನು ಮನೆಗೆ ಹೋದ, ನನ್ನ ಚಿಪ್ಸ್ 33,000 ದಾಟಿತು. ಆ ರಾತ್ರಿ ನಾನು ಬಹಳ ಚೆನ್ನಾಗಿ ಆಡಿದೆ ಅಂದುಕೊಂಡ ಹ್ಯಾಂಡ್ ಅದು.

ಕರೆಯೋಲೆ ಇಟ್ಟು ಲೆಕ್ಕ ಹಾಕಿದೆ. ಮಧ್ಯದಲ್ಲಿ ಅವನ 12,000, ಎರಡು ಬ್ಲೈಂಡ್ ಸೇರಿ 1,200, ಆಂಟಿ 900. ಒಟ್ಟು 14,100. ನಾನು ಇನ್ನೂ ಹಾಕಬೇಕಾದ್ದು 11,200. ಹಾಕಿದ ಮೇಲೆ ಪಾಟ್, ಅಂದರೆ ಮಧ್ಯದ ರಾಶಿ, 25,300. ನನ್ನ 11,200 ಅದರಲ್ಲಿ ನೂರಕ್ಕೆ 44 ಪಾಲು. ಅಂದರೆ ನೂರಕ್ಕೆ 44 ಸಲ ಗೆಲ್ಲುವ ಎಲೆ ಇದ್ದರೆ ಅಸಲಿಗೆ ಅಸಲು. ಈಗ ಅವನ ಪಟ್ಟಿ. ಅಷ್ಟು ಹೊತ್ತು ಕಾದು ಕೂತವನು, ಅದೂ ಮೊದಲ ಜಾಗದಿಂದ. ಎಂಟರ ಜೋಡಿಯಿಂದ ಮೇಲಕ್ಕೆ, ಎಕ್ಕ-ಗುಲಾಮದಿಂದ ಮೇಲಕ್ಕೆ ಅಂತ ಇಟ್ಟುಕೊಂಡೆ. ಆ ಪಟ್ಟಿಯ ಎದುರು ಎಕ್ಕ-ಒಂಬತ್ತು ಗೆಲ್ಲುವುದು ನೂರಕ್ಕೆ ಸುಮಾರು 30 ಸಲ. ನನ್ನ ಎಕ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವನ ಎಕ್ಕದ ಪಕ್ಕದಲ್ಲಿರೋ ಎಲೆ ನನ್ನ ಒಂಬತ್ತಿಗಿಂತ ಯಾವಾಗಲೂ ದೊಡ್ಡದು. 44 ಬೇಕಾದ ಕಡೆ 30 ಇಟ್ಟುಕೊಂಡು ಹೋಗಿದ್ದೆ. ಒಂದು ಸಲ ಹೀಗೆ ಮಾಡಿದರೆ ಸರಾಸರಿ 3,600 ಚಿಪ್ಸ್ ನಷ್ಟ. ಗೆದ್ದೆ ಅನ್ನೋದು ಈ ಲೆಕ್ಕವನ್ನು ಒಂದು ಚಿಪ್ ಕೂಡ ಬದಲಿಸುವುದಿಲ್ಲ.

ಇದು ಪೋಕರ್‌ಗೆ ಮಾತ್ರ ಸೇರಿದ ವಿಷಯ ಅಲ್ಲ. ಚಿಂತಾಮಣಿ ಕಡೆ ನನ್ನ ಸೋದರಮಾವ ಟೊಮೆಟೊ ಬೆಳೆಯುತ್ತಾರೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ನಿಮಗೆಲ್ಲ ನೆನಪಿರಬೇಕು. ಆ ವರ್ಷ ಅವರು ಅರ್ಧ ಎಕರೆ ಹಾಕಿದ್ದರು, ಮಿಕ್ಕಿದ್ದರಲ್ಲಿ ರಾಗಿ. ಪೂರ್ತಿ ಟೊಮೆಟೊ ಹಾಕಿದ ಪಕ್ಕದ ಹೊಲದವರಿಗೆ ಕೈತುಂಬ ದುಡ್ಡು. ಮನೆಯವರೆಲ್ಲ ಮಾವನಿಗೆ ಬುದ್ಧಿ ಹೇಳಿದರು. ಮಾವ ನನ್ನನ್ನು ಕೂರಿಸಿಕೊಂಡು ಕೇಳಿದರು: 'ಸಸಿ ನೆಡೋವಾಗ ಈ ರೇಟು ಯಾರಿಗಪ್ಪಾ ಗೊತ್ತಿತ್ತು? ಗೊತ್ತಿದ್ದದ್ದು ಸಾಲ ಎಷ್ಟಿದೆ ಅನ್ನೋದು ಒಂದೇ.' ನೋಟ್‌ಬುಕ್ಕಿನ ಮೊದಲನೇ ಪ್ರಶ್ನೆ ಇದೇ ಅಲ್ವಾ? ಅವರು ಪೋಕರ್ ಹೆಸರು ಕೂಡ ಕೇಳಿದವರಲ್ಲ.

ಟೂರ್ನಮೆಂಟ್‌ನಲ್ಲಿ ಇನ್ನೊಂದು ತೊಡಕಿದೆ. ಚಿಪ್ಸ್ ಬೇರೆ, ದುಡ್ಡು ಬೇರೆ. ಈ ಭಾಗಕ್ಕೆ ಸ್ವಲ್ಪ ಗಮನ ಕೊಡಿ, ನನಗೆ ಬಹಳ ಇಷ್ಟವಾದ ಲೆಕ್ಕ ಇದು.

ನಾಲ್ಕು ಜನ ಉಳಿದಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬೊಬ್ಬರ ಹತ್ತಿರ 2,500 ಚಿಪ್ಸ್. ಬಹುಮಾನ ಮೂರೇ: 5,000, 3,000, 2,000 ರೂಪಾಯಿ. ನಾಲ್ಕನೆಯವನಿಗೆ ಏನೂ ಇಲ್ಲ. ಎಲ್ಲರೂ ಸಮ, ಹಾಗಾಗಿ ಒಬ್ಬೊಬ್ಬರ ಪಾಲು 2,500 ರೂಪಾಯಿ ಅನ್ನಬಹುದು. ಈಗ ನಿಮ್ಮ ಎದುರಿನವನು ಆಲ್ ಇನ್ ಮಾಡಿದ. ನೀವು ಕಾಲ್ ಮಾಡಿ ಗೆದ್ದರೆ ನಿಮ್ಮ ಚಿಪ್ಸ್ ಎರಡರಷ್ಟು, 5,000. ನಿಮ್ಮ ಪಾಲೂ ಎರಡರಷ್ಟು ಆಗುತ್ತದಾ? ಲೆಕ್ಕ ಹಾಕಿ ನೋಡೋಣ. ಉಳಿದವರು ಮೂವರು. ಒಟ್ಟು ಚಿಪ್ಸ್‌ನಲ್ಲಿ ಅರ್ಧ ನಿಮ್ಮದು, ಹಾಗಾಗಿ ಮೊದಲನೇ ಬಹುಮಾನ ಸಿಗುವ ಸಾಧ್ಯತೆ ಅರ್ಧ. ಎರಡನೆಯದು ಮೂರನೇ ಒಂದು ಪಾಲು. ಮೂರನೆಯದು ಆರನೇ ಒಂದು ಪಾಲು. ಕೂಡಿಸಿದರೆ 2,500, 1,000, 333. ಒಟ್ಟು 3,833 ರೂಪಾಯಿ. ಸೋತರೆ ಹೋಗೋದು 2,500. ಗೆದ್ದರೆ ಹೆಚ್ಚಾಗೋದು 1,333 ಮಾತ್ರ. ಹಾಗಾದರೆ ಕಾಲ್ ಮಾಡುವುದಕ್ಕೆ ನೂರಕ್ಕೆ 65 ಸಲ ಗೆಲ್ಲುವ ಎಲೆ ಬೇಕು. ಚಿಪ್ಸ್ ಲೆಕ್ಕದಲ್ಲಿ 50 ಸಾಕಿತ್ತು. ಈ ಲೆಕ್ಕದ ವಿಧಾನಕ್ಕೆ ಐಸಿಎಂ, ಅಂದರೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್ ಅನ್ನುತ್ತಾರೆ. ಇನ್ನೊಂದು ಸ್ವಾರಸ್ಯ ನೋಡಿ. ನೀವು ಗೆದ್ದು ಒಬ್ಬ ಹೊರಗೆ ಹೋದರೆ, ಸುಮ್ನೆ ಕೂತ ಇನ್ನಿಬ್ಬರ ಪಾಲು ಏರುತ್ತದೆ. ಅಪಾಯ ನಿಮ್ಮದು, ಲಾಭದಲ್ಲಿ ಪಾಲು ಅವರಿಗೂ.

ನನ್ನ ಟೂರ್ನಮೆಂಟ್‌ನಲ್ಲಿ 37 ಜನ ಉಳಿದಾಗ ಇಂಥದ್ದೇ ಪರಿಸ್ಥಿತಿ. ಇನ್ನೊಬ್ಬ ಹೋದರೆ ಎಲ್ಲರಿಗೂ ಬಹುಮಾನ. ನನಗೆ ಎಕ್ಕ-ರಾಣಿ ಬಂತು, ನನಗಿಂತ ಜಾಸ್ತಿ ಚಿಪ್ಸ್ ಇದ್ದವನು ಆಲ್ ಇನ್ ಮಾಡಿದ, ನಾನು ಎಸೆದೆ. ಬಿಚ್ಚಿದ ಎಲೆಗಳಲ್ಲಿ ಎರಡು ರಾಣಿ! ಆಗ ಕೈ ಕೈ ಹಿಸುಕಿಕೊಂಡೆ. ನೋಟ್‌ಬುಕ್ ಪ್ರಕಾರ ಆ ಫೋಲ್ಡ್ ಸರಿಯಾಗಿತ್ತು. ಅಲ್ಲಿಗೆ ಆ ವಿಷಯ ಮುಗಿಯಿತು.

ಇಲ್ಲಿವರೆಗೆ ನೋಡಿದ್ದು ನಾನು ಚಿಪ್ಸ್ ಹಾಕಿದ, ಅಥವಾ ಹಾಕಬೇಕೋ ಬೇಡವೋ ಅಂತ ತಲೆ ಕೆಡಿಸಿಕೊಂಡ ಹ್ಯಾಂಡ್‌ಗಳು. ಅವು 46 ಇದ್ದವು. ಎರಡು ವಾರ ಹಿಡಿಯಿತು. ಮುಗೀತು ಅಂದುಕೊಂಡೆ. ಎಕ್ಕ-ಒಂಬತ್ತು ಒಂದು ದೊಡ್ಡ ತಪ್ಪು, ಸಣ್ಣಪುಟ್ಟ ತಪ್ಪು ಹತ್ತು ಹನ್ನೆರಡು. ಇಷ್ಟಕ್ಕೇ 33,000 ಚಿಪ್ಸ್ ಇದ್ದವನು 29ನೆಯವನಾಗಿ ಹೋಗುತ್ತಾನಾ? ಲೆಕ್ಕ ಕೂಡಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ಮನೆಯ ಖರ್ಚಿನ ಡೈರಿಗೂ ತಾಳೆ ಆಗದಿದ್ದಾಗ ಏನು ಮಾಡುತ್ತೀರಿ? ಬರೆಯದೇ ಬಿಟ್ಟ ಖರ್ಚು ಯಾವುದು ಅಂತ ಹುಡುಕುತ್ತೀರಿ. ನಾನು ಆ ಉಳಿದ 201 ಹ್ಯಾಂಡ್‌ಗಳನ್ನು ತೆಗೆದೆ. ಏನೂ ಯೋಚಿಸದೆ ಎಸೆದವು.

ಮೊದಲ ಎರಡು ಗಂಟೆಯದು ಸರಿಯಾಗಿಯೇ ಇತ್ತು. ಏಳು-ಎರಡು, ಗುಲಾಮ-ಮೂರು, ಇಂಥವನ್ನೆಲ್ಲ ಎಸೆಯಲೇಬೇಕು. 36 ಜನ ಉಳಿದು ಬಹುಮಾನ ಖಚಿತವಾದ ಮೇಲಿನ ಪುಟಗಳಿಗೆ ಬಂದೆ. ಆಗ ಬ್ಲೈಂಡ್ 1,000 ಮತ್ತು 2,000, ಆಂಟಿ 250. ಒಂಬತ್ತು ಜನದ ಆಂಟಿ 2,250. ಅಂದರೆ ಯಾರೂ ಆಡುವ ಮೊದಲೇ ಮಧ್ಯದಲ್ಲಿ 5,250 ಚಿಪ್ಸ್ ಕೂತಿರುತ್ತದೆ. ನನ್ನ ಹತ್ತಿರ 22,000. ಮೇಜಿನ ಒಂದು ಸುತ್ತು ಪೂರ್ತಿ ಎಲೆ ಎಸೆಯುತ್ತಾ ಕೂತರೆ ನನ್ನ ಜೇಬಿನಿಂದ ಹೋಗುವುದೂ 5,250. ನಾಲ್ಕು ಸುತ್ತು, ಅಷ್ಟೇ ನನ್ನ ಆಯುಷ್ಯ. ಹೀಗೆ ಎಷ್ಟು ಸುತ್ತು ಉಳಿದಿದೆ ಅಂತ ಎಣಿಸುವ ಅಳತೆಗೆ ಪೋಕರ್‌ನವರು 'ಎಂ' ಅನ್ನುತ್ತಾರೆ. ಪಾಲ್ ಮಾಗ್ರಿಯೆಲ್ ಅನ್ನುವವರ ಹೆಸರಿನಿಂದ ಬಂದದ್ದು ಅದು. ಅವರು ಬ್ಯಾಕ್‌ಗ್ಯಾಮನ್‌ನಲ್ಲಿ ಹೆಸರು ಮಾಡಿದವರು. ನಮ್ಮ ಪಗಡೆಯ ಹಾಗೆ ದಾಳ ಹಾಕಿ ಕಾಯಿ ನಡೆಸುವ ಆಟ ಅದು.

ಆ ಹೊತ್ತಿನಲ್ಲಿ ನಾನು ಏನು ಮಾಡಿದ್ದೆ? ಮೂರು ಸುತ್ತು ಎಸೆಯುತ್ತಾ ಕೂತಿದ್ದೆ. ಒಳ್ಳೆಯ ಎಲೆ ಬರಲಿ ಅಂತ ಕಾಯುತ್ತಿದ್ದೆ. 22,000 ಇದ್ದದ್ದು 6,250ಕ್ಕೆ ಇಳಿಯಿತು. ಆಮೇಲೆ ಗುಲಾಮ-ನಾಲ್ಕು ಹಿಡಿದು ಆಲ್ ಇನ್ ಮಾಡಿದೆ. ಮೂರು ಬ್ಲೈಂಡ್‌ನಷ್ಟು ಚಿಪ್ಸ್‌ಗೆ ಯಾರೂ ಹೆದರುವುದಿಲ್ಲ. ಇಬ್ಬರು ಕಾಲ್ ಮಾಡಿದರು. ಮುಗಿಯಿತು.

ಆ ಮೂರು ಸುತ್ತಿನ ಒಂದು ಹ್ಯಾಂಡ್ ಹೇಳುತ್ತೇನೆ. ನಾನು ಸ್ಮಾಲ್ ಬ್ಲೈಂಡ್. ಎಲ್ಲರೂ ಎಸೆದರು. ಉಳಿದದ್ದು ನಾನು ಮತ್ತು ನನ್ನ ಎಡಗಡೆಯ ಬಿಗ್ ಬ್ಲೈಂಡ್. ನನ್ನ ಎಲೆ ಎಕ್ಕ-ನಾಲ್ಕು. ಬ್ಲೈಂಡ್ ಇಟ್ಟ ಮೇಲೆ ನನ್ನ ಹತ್ತಿರ 18,500. ಎಸೆದೆ. ಎಷ್ಟು ಹೊತ್ತಿನಲ್ಲಿ ಎಸೆದೆ ಅನ್ನುವುದೂ ನೆನಪಿಲ್ಲ. ಅಂಥ ಎಲೆ ಬಂದಿತ್ತು ಅನ್ನುವುದೇ ನೆನಪಿಲ್ಲ. ಕಾಗದದಲ್ಲಿ ಇದ್ದದ್ದಕ್ಕೆ ನಂಬಬೇಕಾಯಿತು.

ಎಸೆಯುವ ಬದಲು ಆಲ್ ಇನ್ ಮಾಡಿದ್ದರೆ? ಎದುರಿನವನು ನೂರಕ್ಕೆ 70 ಸಲ ಎಸೆಯುತ್ತಾನೆ, 30 ಸಲ ಕಾಲ್ ಮಾಡುತ್ತಾನೆ ಅಂತ ಇಟ್ಟುಕೊಳ್ಳಿ. ಕಾಲ್ ಮಾಡಿದಾಗ ನಾನು ನೂರಕ್ಕೆ 40 ಸಲ ಮಾತ್ರ ಗೆಲ್ಲುತ್ತೇನೆ, ಇದೂ ನನಗೆ ಅನುಕೂಲವಾಗಿ ಹಾಕಿದ ಲೆಕ್ಕ ಅಲ್ಲ. ಅವನು ಎಸೆದರೆ ನನ್ನ ಚಿಪ್ಸ್ 23,750. ಕಾಲ್ ಮಾಡಿದರೆ 41,250ರ ಪಾಟ್‌ನಲ್ಲಿ ನನ್ನ 40 ಪಾಲು, ಅಂದರೆ 16,500. ಎರಡನ್ನೂ 70 ಮತ್ತು 30ರ ಲೆಕ್ಕದಲ್ಲಿ ಕೂಡಿಸಿದರೆ 21,575. ಎಸೆದಾಗ ಉಳಿದದ್ದು 18,500. ಸುಮ್ನೆ ಎಸೆದದ್ದಕ್ಕೆ 3,000 ಚಿಪ್ಸ್ ನಷ್ಟ! ಎಕ್ಕ-ಒಂಬತ್ತಿನ ದೊಡ್ಡ ತಪ್ಪಿಗೆ ಎಷ್ಟು ತೆತ್ತಿದ್ದೆ? 3,600. ಹೆಚ್ಚುಕಡಿಮೆ ಅಷ್ಟೇ. ಆ ತಪ್ಪು ಒಂದು ಸಲ ಮಾಡಿದ್ದೆ. ಈ ತಪ್ಪನ್ನು ಐದು ಸಲ ಮಾಡಿದ್ದೆ. ಎಕ್ಕ-ನಾಲ್ಕು. ರಾಣಿ-ಹತ್ತು, ಎರಡೂ ಇಸ್ಪೀಟ್. ಐದರ ಜೋಡಿ. ಎಕ್ಕ-ಏಳು. ಐದನೆಯದನ್ನು ಈಗ ಹೇಳುವುದಿಲ್ಲ. ಎಲ್ಲ ಸೇರಿಸಿದರೆ ಹತ್ತು ಸಾವಿರದ ಆಸುಪಾಸು. ನನ್ನ ಹತ್ತಿರ ಇದ್ದದ್ದರಲ್ಲಿ ಅರ್ಧದಷ್ಟು.

ನೋಟ್‌ಬುಕ್ಕಿನಲ್ಲಿ ಆ ಮೊತ್ತ ಬರೆದು ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಒಂದು ತಿಂಗಳು ಎಲ್ಲರ ಹತ್ತಿರ ಎಕ್ಕದ ಜೋಡಿಯ ಕಥೆ ಹೇಳಿದ್ದೆ. ನಾನು ಸೋತದ್ದು ಈ ಐದರಲ್ಲಿ. ಎಸೆದಾಗ ನೋವಾಗುವುದಿಲ್ಲ. ಯಾರೂ ಎಲೆ ಬಿಚ್ಚುವುದಿಲ್ಲ, ಪರದೆಯ ಮೇಲೆ ಸೋತೆ ಅಂತ ಬರುವುದಿಲ್ಲ. ಮುಂದಿನ ಎಲೆ ಬರುತ್ತದೆ, ಅಷ್ಟೇ. ಎಸೆಯುವುದನ್ನು ನಾನು ತಾಳ್ಮೆ ಅಂತ ತಿಳಿದಿದ್ದೆ. ಚಿಪ್ಸ್ ಜಾಸ್ತಿ ಇದ್ದ ಮೊದಲ ಎರಡು ಗಂಟೆ ಅದು ತಾಳ್ಮೆಯೇ ಆಗಿತ್ತು. ನಾಲ್ಕು ಸುತ್ತಿನ ಆಯುಷ್ಯ ಉಳಿದಾಗ ಅದೇ ಕೆಲಸದ ಬೆಲೆ ಬೇರೆ. ನನ್ನ ಕೈ ಮಾತ್ರ ಅದೇ ಗುಂಡಿ ಒತ್ತುತ್ತಿತ್ತು.

ಕಂಪ್ಯೂಟರ್‌ಗಳ ಒಂದು ಕಥೆ ಇಲ್ಲಿ ಹೇಳಲೇಬೇಕು. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನುವ ಪ್ರೋಗ್ರಾಂ ನಾಲ್ವರು ನುರಿತ ಆಟಗಾರರ ಎದುರು 20 ದಿನ ಪೋಕರ್ ಆಡಿತು. ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ಟುವೊಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಕಟ್ಟಿದ ಪ್ರೋಗ್ರಾಂ. ಒಟ್ಟು 1,20,000 ಹ್ಯಾಂಡ್. ಕೊನೆಗೆ ಲಿಬ್ರಾಟಸ್ 17 ಲಕ್ಷ ಡಾಲರ್‌ಗೂ ಹೆಚ್ಚು ಮೌಲ್ಯದ ಚಿಪ್ಸ್‌ನಿಂದ ಗೆದ್ದಿತು. ಚಿಪ್ಸ್ ಅಷ್ಟೇ, ಆ ದುಡ್ಡನ್ನು ಯಾರೂ ಕೊಡಬೇಕಾಗಿರಲಿಲ್ಲ. ನನಗೆ ಬೇಕಾದ ವಿಷಯ ಬೇರೆ. ಆ ಇಪ್ಪತ್ತು ದಿನವೂ ರಾತ್ರಿ ಎರಡು ಕಡೆಯವರೂ ಪರಿಶೀಲನೆಗೆ ಕೂರುತ್ತಿದ್ದರು. ನಾಲ್ವರು ಆಟಗಾರರು ಒಟ್ಟಿಗೆ ಸೇರಿ ಕಂಪ್ಯೂಟರ್ ಎಲ್ಲಿ ತಪ್ಪುತ್ತಿದೆ ಅಂತ ಹುಡುಕುತ್ತಿದ್ದರು. ಕಂಪ್ಯೂಟರ್ ತನ್ನ ಬಗ್ಗೆ ತಾನೇ ಹುಡುಕುತ್ತಿತ್ತು. ಅದು ಹುಡುಕಿದ್ದು ಏನನ್ನು? ಇವತ್ತು ಯಾವ ಹ್ಯಾಂಡ್‌ನಲ್ಲಿ ಜಾಸ್ತಿ ಸೋತೆ ಅನ್ನುವುದನ್ನಲ್ಲ. ಎದುರಿನವರು ಕಟ್ಟಿದ ಮೊತ್ತಗಳಲ್ಲಿ ಯಾವುದಕ್ಕೆ ತನ್ನ ಹತ್ತಿರ ಸರಿಯಾದ ಉತ್ತರ ಮೊದಲೇ ಸಿದ್ಧವಾಗಿರಲಿಲ್ಲ, ಅಂಥ ಜಾಗಗಳನ್ನು. ಅವನ್ನು ರಾತ್ರಿ ಲೆಕ್ಕ ಹಾಕಿ ತುಂಬಿಸಿಕೊಂಡು ಬೆಳಿಗ್ಗೆ ಬರುತ್ತಿತ್ತು. ಇದನ್ನು ಓದಿದಾಗ ನನ್ನ 201 ಹ್ಯಾಂಡ್ ಕಣ್ಣ ಮುಂದೆ ಬಂತು. ಚಿಪ್ಸ್ ಕಡಿಮೆಯಾದಾಗ ಏನು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಯೋಜನೆಯೇ ಇರಲಿಲ್ಲ. ಎಕ್ಕದ ಜೋಡಿಗೆ ಯೋಜನೆ ಇತ್ತು.

ಈಗ ಸಾಲ್ವರ್ ಅನ್ನುವ ಸಾಫ್ಟ್‌ವೇರ್‌ಗಳಿವೆ. ಹ್ಯಾಂಡ್ ಕೊಟ್ಟರೆ ಉತ್ತರ ಕೊಡುತ್ತವೆ. ಆಟ ನಡೆಯುವಾಗ ಅವನ್ನು ತೆರೆಯುವುದು ಮೋಸ, ಆಟ ಮುಗಿದ ಮೇಲೆ ಬಳಸಬಹುದು. ವಿದ್ಯಾರ್ಥಿಗಳಿಗೆ ನಾನು ಹೇಳೋದು, ಮೊದಲು ಪೆನ್ನು ಹಿಡಿದು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಸಾಫ್ಟ್‌ವೇರ್ ತೆರೆಯಿರಿ. ಉತ್ತರ ನೋಡಿದ ಮೇಲೆ 'ನಾನೂ ಅದನ್ನೇ ಅಂದುಕೊಂಡಿದ್ದೆ' ಅನ್ನಿಸುವುದು ಮನುಷ್ಯನ ಸ್ವಭಾವ.

ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು, ಇದೆಲ್ಲ ಜೂಜು ಅಲ್ವೇನಪ್ಪಾ, ಮಕ್ಕಳ ಮುಂದೆ ಇದನ್ನು ಹೇಳಬಹುದಾ ಅಂತ. ನ್ಯಾಯವಾದ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ನಾನು ಆಡಿದ 2019ರಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೆ ತಡೆ ಇರಲಿಲ್ಲ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಿತು. ಕೌಶಲದ ಆಟ ಆಗಲಿ, ಅದೃಷ್ಟದ ಆಟ ಆಗಲಿ, ದುಡ್ಡು ಕಟ್ಟಿಸಿಕೊಂಡು ಆನ್‌ಲೈನ್‌ನಲ್ಲಿ ಆಡಿಸುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ನಾನು ದುಡ್ಡಿನ ಆಟ ಬಿಟ್ಟದ್ದು ಅದಕ್ಕೂ ಮೊದಲೇ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಸಾಲ ಮಾಡಿ ಆಡಿ, ಕೊನೆಗೆ ಅವನ ತಂದೆ ಸೈಟು ಮಾರಬೇಕಾಯಿತು. ಆ ತಂದೆ ನಮ್ಮ ಮನೆಗೆ ಬಂದು ಕೂತಿದ್ದರು, ಕಾಫಿ ಆರಿಹೋಯಿತು, ಮುಟ್ಟಲಿಲ್ಲ. ಆ ಹುಡುಗನಿಗೆ ಲೆಕ್ಕ ಗೊತ್ತಿತ್ತು, ನನ್ನ ತರಗತಿಯಲ್ಲೇ ಒಳ್ಳೆಯ ಅಂಕ ತೆಗೆದವನು. ಸೋತದ್ದನ್ನು ಇವತ್ತೇ ವಾಪಸ್ ತೆಗೆಯಬೇಕು ಅಂತ ಕೂತವನಿಗೆ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಯಾರಿಗೂ ಆಡಿ ಅಂತ ನಾನು ಹೇಳುವುದಿಲ್ಲ. ತರಗತಿಯಲ್ಲಿ ನಾವು ಹುಣಸೆ ಬೀಜ ಇಟ್ಟುಕೊಂಡು ಆಡುತ್ತೇವೆ. ದುಡ್ಡಿಲ್ಲದೇ ಇದ್ದರೆ ಜನ ಎಲ್ಲದಕ್ಕೂ ಕಾಲ್ ಮಾಡುತ್ತಾರೆ ಅನ್ನುವುದು ನಿಜ. ಅದಕ್ಕೇ ಒಬ್ಬೊಬ್ಬರಿಗೆ ಇಡೀ ತಿಂಗಳಿಗೆ ಐವತ್ತೇ ಬೀಜ. ಮುಗಿದರೆ ಮುಗೀತು, ಪಕ್ಕದಲ್ಲಿ ಕೂತು ಬೇರೆಯವರ ಹ್ಯಾಂಡ್ ಬರೆದುಕೊಳ್ಳಬೇಕು. ಐವತ್ತು ಬೀಜ ಕಾಪಾಡಿಕೊಳ್ಳಲು ಮಕ್ಕಳು ಎಷ್ಟು ಯೋಚಿಸುತ್ತಾರೆ ಅನ್ನುವುದನ್ನು ನೀವು ಬಂದು ನೋಡಬೇಕು.

ಬರೆದುಕೊಳ್ಳುವ ಕೆಲಸ ಸಿಕ್ಕ ಮಕ್ಕಳೇ ಬೇಗ ಕಲಿಯುತ್ತಾರೆ ಅನ್ನುವುದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಅವರಿಗೆ ಗೆಲುವಿಲ್ಲ, ಸೋಲಿಲ್ಲ. ಯಾರು ಎಸೆದರು ಅನ್ನುವುದನ್ನೂ ಅವರು ಬರೆಯುತ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ನನ್ನ ಹತ್ತಿರ ಬಂದು, 'ಸರ್, ನೀವು ಬಟನ್‌ನಲ್ಲಿ ಕೂತಾಗ ಜಾಸ್ತಿ ಎಸೀತೀರಿ, ನಾಲ್ಕು ವಾರದಿಂದ ನೋಡ್ತಿದ್ದೀನಿ' ಅಂದಳು. ಬಟನ್ ಅಂದರೆ ಬ್ಲೈಂಡ್‌ಗಳಿಗೆ ಮುಂಚಿನ ಜಾಗ, ಕಡಿಮೆ ಎಸೆಯಬೇಕಾದ ಜಾಗ. ಅವಳ ಪುಸ್ತಕ ತೆಗೆದು ನೋಡಿದೆ. ಅವಳು ಹೇಳಿದ್ದು ಸರಿ ಇತ್ತು. 2019ರಲ್ಲಿ ಕಂಡುಕೊಂಡ ತಪ್ಪು ಇನ್ನೂ ನನ್ನ ಕೈ ಬಿಟ್ಟಿಲ್ಲ.

ಒಳಗೆ ಬರುವಾಗ ನಿಮಗೆಲ್ಲ ಒಂದು ಹಾಳೆ ಕೊಟ್ಟಿದ್ದರು. ಅದನ್ನು ಈಗ ತೆಗೆಯಿರಿ. ನಾನು ಹೇಳದೇ ಬಿಟ್ಟ ಐದನೇ ಹ್ಯಾಂಡ್ ಅದರಲ್ಲಿದೆ. ಬ್ಲೈಂಡ್ 1,000 ಮತ್ತು 2,000, ಆಂಟಿ 250, ಒಂಬತ್ತು ಜನ. ನೀವು ಬಟನ್‌ನಲ್ಲಿ ಇದ್ದೀರಿ. ನಿಮ್ಮ ಹತ್ತಿರ 13,000. ನಿಮ್ಮ ಮುಂಚಿನ ಆರೂ ಜನ ಎಸೆದಿದ್ದಾರೆ. ಸ್ಮಾಲ್ ಬ್ಲೈಂಡ್ ಹತ್ತಿರ 45,000, ಬಿಗ್ ಬ್ಲೈಂಡ್ ಹತ್ತಿರ 9,000. ನಿಮ್ಮ ಎಲೆ ಗುಲಾಮ-ಒಂಬತ್ತು, ಎರಡೂ ಕಳಾವರ್. ಮೂರು ಪ್ರಶ್ನೆಗಳಿಗೂ ಉತ್ತರ ಬರೆದು, ಕೆಳಗೆ ಎಸೆಯುತ್ತೀರೋ ಆಲ್ ಇನ್ ಮಾಡುತ್ತೀರೋ ಅಂತ ಬರೆಯಿರಿ. ಐದು ನಿಮಿಷ ಇದೆ. ಪೆನ್ನು ಇಲ್ಲದವರು ಕೈ ಎತ್ತಿ, ಇಲ್ಲಿ ಇವೆ. ಹಾಳೆಯ ಹಿಂಬದಿ ಈಗಲೇ ತಿರುಗಿಸಬೇಡಿ.